ಸತ್ತವರ ಹಾಜರಿ

ನಮ್ಮ ಲುಮೇರ ಊರಿನ ಫುಟ್‌ಬಾಲ್ ಕ್ಲಬ್ಬಿನಲ್ಲಿ ಒಂದರಿಂದ ಹತ್ತರವರೆಗಿನ ನಂಬರಿನ ಸದಸ್ಯರಲ್ಲಿ ಒಬ್ಬರೂ ಉಸಿರಾಡುತ್ತಿರಲಿಲ್ಲ. ಒಂದನೇ ನಂಬರಿನ ಯಜಮಾನರಿಗೆ ಆ ವರ್ಷ ನೂರ ಇಪ್ಪತ್ತೊಂದು ತುಂಬಬೇಕಿತ್ತು. ಒಂಬತ್ತನೇ ನಂಬರು ನನ್ನ ಅಪ್ಪ ಸಿಲ್ವಿನೊನದು. ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅವನ ಹೆಸರಿನಲ್ಲಿ ಪ್ರತಿ ಜುಲೈನಲ್ಲೂ ವಂತಿಗೆ ಕಟ್ಟುತ್ತಿದ್ದವಳು ಅವನ ಮಗಳು ನೀವೆಸ್, ಅಂದರೆ ನಾನೇ.

ಹುಚ್ಚು ಅನ್ನುವವರು ಅನ್ನಲಿ. ಊರಿನ ಅರ್ಧ ಮನೆಗಳಲ್ಲಿ ಇದೇ ಹುಚ್ಚಿತ್ತು. ನಂಬರು ಚಿಕ್ಕದಾದಷ್ಟೂ ಮನುಷ್ಯ ಹಳಬ, ಅವನ ಮಾತಿಗೆ ತೂಕ ಜಾಸ್ತಿ, ಅವನ ಕುರ್ಚಿ ಮೈದಾನಕ್ಕೆ ಹತ್ತಿರ. ಸತ್ತನೆಂದು ಹೇಳಿದರೆ ಹಿಂದಿದ್ದವರೆಲ್ಲ ಒಂದೊಂದು ಹೆಜ್ಜೆ ಮುಂದೆ ಬರುತ್ತಾರೆ, ಕುರ್ಚಿ ಬೇರೆಯವರ ಪಾಲಾಗುತ್ತದೆ. ಯಾವ ಮಗಳು ತಾನೇ ಅಪ್ಪನ ಕುರ್ಚಿಯನ್ನು ಕೈಯಾರೆ ಎತ್ತಿ ಕೊಡುತ್ತಾಳೆ? ಹಾಗಾಗಿ ನಾವು ಸತ್ತವರನ್ನು ಸಾಯಲು ಬಿಟ್ಟಿರಲಿಲ್ಲ.

ನಮ್ಮ ಮನೆಯಲ್ಲಿ ಇನ್ನೂ ಒಂದು ಕಾರಣವಿತ್ತು. ನನ್ನ ಅಮ್ಮ ಒಬ್ದುಲಿಯಾಗೆ ಎಂಬತ್ತೊಂದು ವರ್ಷ. ಅವಳ ಕಾಲದಲ್ಲಿ ಹೆಂಡತಿಯನ್ನು ಸದಸ್ಯೆ ಮಾಡಿಸುವ ಯೋಚನೆ ಯಾವ ಗಂಡಸಿಗೂ ಬಂದಿರಲಿಲ್ಲ, ನನ್ನ ಅಪ್ಪನಿಗೂ ಬರಲಿಲ್ಲ. ಅವನು ಹೋದ ಮೇಲೆ ಅಮ್ಮ ಅವನ ಕಾರ್ಡು ಹಿಡಿದು ಮೈದಾನಕ್ಕೆ ಬರತೊಡಗಿದಳು. ಕಾರ್ಡಿನ ಮೇಲೆ ದಪ್ಪ ಮೀಸೆಯ ಫೋಟೋ. ಗೇಟಿನವನು ಅದನ್ನು ಗಂಭೀರವಾಗಿ ನೋಡಿ ಅವಳನ್ನು ಒಳಗೆ ಬಿಡುತ್ತಿದ್ದ. ಅವಳು ಅಪ್ಪನ ಕುರ್ಚಿಯಲ್ಲಿ ಕೂತು, ಅಪ್ಪನ ಬೈಗುಳಗಳಲ್ಲೇ ರೆಫರಿಯನ್ನು ಬೈಯುತ್ತಿದ್ದಳು.

ಇಷ್ಟರಲ್ಲಿ ದೋನ್ ಎವಾರಿಸ್ತೊ ಲಾಂದೆರಾಸ್ ಎಂಬ ನಮ್ಮ ಅಧ್ಯಕ್ಷ ಏಳೇ ವರ್ಷದಲ್ಲಿ ಕ್ಲಬ್ಬನ್ನು ಗುಡಿಸಿ ಗುಂಡಾಂತರ ಮಾಡಿದ್ದ. ಭಾವಮೈದನ ಕಡೆಯಿಂದ ದುಬಾರಿ ಬೆಲೆಗೆ ಆರು ಆಟಗಾರರನ್ನು ತಂದ, ಅವರಲ್ಲಿ ಇಬ್ಬರು ಓಡುವುದನ್ನು ನಾವು ಯಾರೂ ನೋಡಲಿಲ್ಲ. ಹುಲ್ಲಿಗೆ ನೀರು ಬಿಡುವ ಮೋಟಾರನ್ನೂ ಮಾರಿದ. ಉಳಿದ ಆಟಗಾರರಿಗೆ ಐದು ತಿಂಗಳಿಂದ ಸಂಬಳವಿರಲಿಲ್ಲ. ನಮ್ಮ ಗೋಲ್‌ಕೀಪರ್ ಬೆಳಗಿನ ಹೊತ್ತು ನಮ್ಮ ಮೀನು ಡಬ್ಬಿ ಕಾರ್ಖಾನೆಗೆ ಬಂದು, ನನ್ನ ಪಕ್ಕದಲ್ಲೇ ಕೂತು ಆಂಚೊವಿಯ ಮುಳ್ಳು ತೆಗೆಯುತ್ತಿದ್ದ. ಮೀನು ಅವನ ಕೈಯಿಂದ ಜಾರಿದಾಗಲೆಲ್ಲ ನನ್ನ ಗೆಳತಿ ಚೆಲೊ, "ಈಗ ಗೊತ್ತಾಯ್ತು ಬಿಡು, ಹೋದ ವಾರ ಮೂರು ಗೋಲು ಹೇಗಾಯ್ತು ಅಂತ" ಎನ್ನುತ್ತಿದ್ದಳು.

ಊರು ಸುಮ್ಮನಿರಲಿಲ್ಲ. ಆಟಗಾರರಿಗೆ ಸರದಿಯ ಮೇಲೆ ಅಡುಗೆ ಮಾಡಿದೆವು. ಅವರ ಜೆರ್ಸಿಗಳು ನಮ್ಮ ನಮ್ಮ ಬಾಲ್ಕನಿಗಳಲ್ಲಿ ಒಣಗಿದವು. ಮೀನುಗಾರರ ಸಂಘದವರು ದೋಣಿ ತೊಳೆಯುವ ಪೈಪು ತಂದು ಹುಲ್ಲಿಗೆ ನೀರು ಬಿಟ್ಟರು. ಪಂದ್ಯದ ದಿನ ನಿಲ್ಲಲೂ ಜಾಗವಿಲ್ಲದಷ್ಟು ಜನ ಸೇರಿ ಗಂಟಲು ಹರಿಯುವಂತೆ ಕೂಗಿದೆವು. ಸೋತೆವು, ಆದರೂ ಕೂಗಿದೆವು. ಆಮೇಲೆ ಒಂದು ಮಂಗಳವಾರ ಸುದ್ದಿ ಬಂತು. ದೋನ್ ಎವಾರಿಸ್ತೊ ಮೈದಾನವನ್ನೇ ಸೂಪರ್‌ಮಾರ್ಕೆಟ್ ಕಟ್ಟುವವರಿಗೆ ಮಾರಲು ಹೊರಟಿದ್ದ.

ಅವನನ್ನು ಇಳಿಸಲು ಒಂದೇ ದಾರಿ ಇತ್ತು. ಕ್ಲಬ್ಬಿನ ನಿಯಮದ ಪ್ರಕಾರ ಪುಸ್ತಕದಲ್ಲಿರುವ ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಜನ ಒಂದೇ ಸಭೆಗೆ ಖುದ್ದಾಗಿ ಬರಬೇಕು, ಬಂದವರಲ್ಲಿ ಹೆಚ್ಚಿನವರು ಕೈ ಎತ್ತಬೇಕು. ಪುಸ್ತಕದಲ್ಲಿದ್ದ ಹೆಸರುಗಳು ಸಾವಿರದ ನೂರ ನಲವತ್ತು. ಅಂದರೆ ಐನೂರ ಎಪ್ಪತ್ತು ಜನ ಬರಬೇಕು. ಕೆಲಸಕ್ಕೆಂದು ದೂರ ಹೋದವರು, ಹಾಸಿಗೆ ಹಿಡಿದವರನ್ನೆಲ್ಲ ಬಿಟ್ಟರೆ ಊರಲ್ಲಿ ಅಷ್ಟು ಜನ ಸಿಗುವ ಮಾತೇ ಇರಲಿಲ್ಲ.

"ಅರ್ಧ ಜನ ಬರಲಿ, ಆಮೇಲೆ ಮಾತಾಡೋಣ" ಅಂತ ದೋನ್ ಎವಾರಿಸ್ತೊ ಕಾಫಿ ಅಂಗಡಿಯಲ್ಲಿ ನಗುತ್ತಾ ಹೇಳಿದನಂತೆ.

"ನಗದೇ ಇನ್ನೇನ್ಮಾಡ್ತಾನೆ?" ಅಂದಳು ಚೆಲೊ, ಮೀನಿನ ಬೆನ್ನು ಸೀಳುತ್ತಾ. "ಸತ್ತೋರೆಲ್ಲ ಅವನ ಪಾರ್ಟಿ ಕಣೇ ನೀವೆಸ್. ಒಬ್ರೂ ಸಭೆಗೆ ಬರಲ್ಲ."

ಅವಳ ಮಾತು ಕೇಳಿ ನನ್ನ ಕೈಯಲ್ಲಿದ್ದ ಚಾಕು ಹಾಗೇ ನಿಂತಿತು. ಆ ಸಂಜೆಯೇ ಇಬ್ಬರೂ ಕ್ಲಬ್ಬಿನ ಕಾರ್ಯದರ್ಶಿ ಎರ್ಮಿನಿಯೊ ಮನೆಗೆ ಹೋದೆವು. ಆತ ನಲವತ್ತು ವರ್ಷದಿಂದ ಆ ಪುಸ್ತಕ ಕಾಯುತ್ತಿದ್ದ, ಒಂದು ಗೆರೆಯನ್ನೂ ಆಚೀಚೆ ಮಾಡದ ಮನುಷ್ಯ. ಬೆರಳಿಟ್ಟು ಎಣಿಸಿದ. ಮುನ್ನೂರ ಹನ್ನೆರಡು ಜನ ಸತ್ತವರು.

"ಇವರ ಹೆಸರೆಲ್ಲ ತೆಗೆದುಬಿಡಿ ಎರ್ಮಿನಿಯೊ" ಅಂದೆ.

"ನಾನು ತೆಗೆಯೋಕೆ ಬರಲ್ಲಮ್ಮ. ಸಭೇಲಿ ಹೆಸರು ಕೂಗ್ತೀನಿ. ಮನೆಯವರು ಎದ್ದು ನಿಂತು, ಎಲ್ರಿಗೂ ಕೇಳೋ ಹಾಗೆ ಸತ್ತಿದ್ದಾರೆ ಅನ್ಬೇಕು. ಆಗ ಹೊಡೆದುಹಾಕ್ತೀನಿ. ಇಬ್ರು ಸತ್ತೋರು ಹೋದ್ರೆ, ಬರಬೇಕಾದ ಜೀವಂತ ತಲೆಗಳಲ್ಲಿ ಒಂದು ಇಳಿಯುತ್ತೆ."

ಮೂರು ವಾರ ನಾನು ಮತ್ತು ಚೆಲೊ ಮನೆಮನೆ ತಿರುಗಿದೆವು. ಜನರಿಗೆ ಅವರವರ ಅಪ್ಪ ಸತ್ತಿದ್ದಾನೆ ಎಂದು ಒಪ್ಪಿಸುವ ಕೆಲಸ ಎಷ್ಟು ಕಷ್ಟವೆಂದು ಆಗ ಗೊತ್ತಾಯಿತು. ಒಬ್ಬ ಬಾಗಿಲು ಮುಖಕ್ಕೆ ಹಾಕಿದ, ಮೂರನೇ ಸಲ ಹೋದಾಗ ಒಪ್ಪಿದ. ಇನ್ನೊಬ್ಬ ಕಣ್ಣೀರು ಒರೆಸಿಕೊಂಡು ವೈನ್ ಕೊಟ್ಟ. ಬೇಕರಿಯ ಹಿಂದಿನ ಮನೆಯ ವಿಧವೆ ಮಾತ್ರ ಒಂದೇ ಮಾತಿಗೆ ಒಪ್ಪಿದಳು. "ಬದುಕಿದ್ದಾಗ ಒಂದು ಕೆಲಸಕ್ಕೂ ಬರ್ಲಿಲ್ಲ, ಸತ್ತಾದ್ರೂ ಉಪಯೋಗಕ್ಕೆ ಬರ್ಲಿ ಮುಂಡೇದು. ಗಟ್ಟಿಯಾಗೇ ಹೇಳ್ತೀನಿ." ದಿನಕ್ಕೆ ಹತ್ತು, ದಿನಕ್ಕೆ ಇಪ್ಪತ್ತು ಹೆಸರು. ಮೀನಿನ ವಾಸನೆಯ ಕೈಯಲ್ಲೇ ಪಟ್ಟಿಗೆ ಗುರುತು ಹಾಕುತ್ತಾ ಹೋದೆ, ರಾತ್ರಿ ನಿದ್ದೆಯಲ್ಲೂ ಎಣಿಸಿದೆ. ಕೊನೆಗೆ ಎರಡೇ ಹೆಸರು ಉಳಿದವು. ನಾಲ್ಕನೇ ನಂಬರಿನ ಬಾಲ್ಬಿನೊ, ದೋನ್ ಎವಾರಿಸ್ತೊನ ಅಪ್ಪ. ಮತ್ತು ಒಂಬತ್ತನೇ ನಂಬರಿನ ನನ್ನ ಅಪ್ಪ.

ಸಭೆಯ ಹಿಂದಿನ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮನೇ ಬಾಯಿ ತೆಗೆದಳು.

"ಊರಿನೋರ ಅಪ್ಪಂದಿರನ್ನೆಲ್ಲ ಹೂತು ಬಂದ್ಯಾ?"

"ಅಮ್ಮ, ನಾಳೆ ಒಂಬತ್ತು ಅಂತ ಕೂಗ್ದಾಗ..."

"ಕೂಗ್ಲಿ. ನೀನು ಸುಮ್ನಿರು."

"ಅಪ್ಪ ಇಲ್ಲ ಅಮ್ಮ."

"ಸೋಮವಾರದಿಂದ ಶನಿವಾರದವರೆಗೆ ಇಲ್ಲ, ಅದು ನಂಗೂ ಗೊತ್ತು. ಭಾನುವಾರ ಇದಾನೆ. ಗೇಟಲ್ಲಿ ಅವನ ಕಾರ್ಡು ತೋರಿಸ್ತೀನಿ, ಅವನ ಕುರ್ಚೀಲಿ ಕೂರ್ತೀನಿ. ನಂಗೆ ಉಳಿದಿರೋದು ಅದೊಂದೇ. ಅದನ್ನೂ ಕಿತ್ಕೊಂಡ್ರೆ ನನ್ನ ಮುಖ ನೋಡ್ಬೇಡ."

ಮಾತು ಕೊಟ್ಟೆ. ಮುನ್ನೂರ ಹತ್ತು ಮನೆಗಳಲ್ಲಿ ನಾಲಿಗೆ ಸವೆಸಿ ಬಂದವಳು ನನ್ನ ಮನೆಯಲ್ಲಿ ಒಂದು ಮಾತು ಗೆಲ್ಲಲಾಗದೆ ತಟ್ಟೆ ತೊಳೆಯಲು ಎದ್ದೆ.

ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಬಂದರಿನ ಮೀನು ಹರಾಜು ಕಟ್ಟೆಯಲ್ಲಿ ಸಭೆ. ಊರಲ್ಲಿ ಅಷ್ಟು ಜನ ಹಿಡಿಸುವ ಸೂರು ಅದೊಂದೇ. ಹತ್ತೂವರೆಗೇ ಜನ ಮೀನಿನ ಪೆಟ್ಟಿಗೆಗಳನ್ನು ಮಗುಚಿ ಹಾಕಿಕೊಂಡು ಕೂತಿದ್ದರು. ಎಲ್ಲರ ಕುತ್ತಿಗೆಯಲ್ಲೂ ಕ್ಲಬ್ಬಿನ ಹಸಿರು ಸ್ಕಾರ್ಫು. ಸದಸ್ಯರಲ್ಲದವರು ಗೋಡೆಯುದ್ದಕ್ಕೂ ನಿಂತಿದ್ದರು. ಅಮ್ಮನನ್ನು ಮಾತ್ರ ವಯಸ್ಸು ನೋಡಿ ನನ್ನ ಪಕ್ಕ ಕೂರಲು ಬಿಟ್ಟರು. ಮೀನಿನ ದರ ಬರೆಯುವ ದೊಡ್ಡ ಹಲಗೆಯ ಮುಂದೆ ಗೋಲ್‌ಕೀಪರ್ ಸೀಮೆಸುಣ್ಣ ಹಿಡಿದು ನಿಂತ. ಎಡಗಡೆ ಬಂದವರ ಸಂಖ್ಯೆ, ಬಲಗಡೆ ಬೇಕಾದವರ ಸಂಖ್ಯೆ. ಸೊನ್ನೆ ಮತ್ತು ಐನೂರ ಎಪ್ಪತ್ತು. ಬಿಲ್ಬಾವೊ ನಗರದಲ್ಲಿ ಕೆಲಸಕ್ಕಿದ್ದ ಮೂವತ್ತೊಂದು ಸದಸ್ಯರನ್ನು ಹೊತ್ತ ಬಸ್ಸು ಇನ್ನೂ ದಾರಿಯಲ್ಲಿತ್ತು. ದೋನ್ ಎವಾರಿಸ್ತೊ ಮೇಜಿನ ಹಿಂದೆ ಕೋಟು ತೊಟ್ಟು ಕೂತಿದ್ದ, ಮುಖದಲ್ಲಿ ಚೂರೂ ಆತಂಕವಿಲ್ಲ.

"ಒಂದು" ಅಂತ ಎರ್ಮಿನಿಯೊ ಕೂಗಿ ಹೆಸರು ಓದಿದ. ಎಪ್ಪತ್ತರ ಮೊಮ್ಮಗಳೊಬ್ಬಳು ಎದ್ದು, "ಸತ್ತಿದ್ದಾರೆ" ಎಂದಳು. ನೂರ ಇಪ್ಪತ್ತೊಂದು ವರ್ಷದವನ ಸಾವಿಗೆ ಸಭೆ ನಕ್ಕಿತು. ಆದರೆ ಅವಳ ಪಕ್ಕದವನು, ಸ್ಮಶಾನದ ಬಾಗಿಲಲ್ಲಿ ನಾವು ಮಾಡುವಂತೆಯೇ, ಕೈ ಹಿಡಿದು, "ನಿಮ್ಮ ದುಃಖದಲ್ಲಿ ನಾನೂ ಇದೀನಿ" ಅಂದುಬಿಟ್ಟ. ನಗು ನಿಂತಿತು. ಅಲ್ಲಿಂದ ಮುಂದೆ ಸತ್ತಿದ್ದಾರೆ ಎಂಬ ಮಾತು ಬಂದಾಗಲೆಲ್ಲ ಅಕ್ಕಪಕ್ಕದವರು ಎದ್ದು ಕೈ ಹಿಡಿದರು.

"ನಾಲ್ಕು. ಬಾಲ್ಬಿನೊ ಲಾಂದೆರಾಸ್."

ಎಲ್ಲರೂ ಅಧ್ಯಕ್ಷನ ಕಡೆ ತಿರುಗಿದರು. ಅವನು ತನ್ನ ಪೆನ್ನು ನೋಡುತ್ತಾ ಕೂತ.

"ಗೈರು" ಅಂದ ಎರ್ಮಿನಿಯೊ.

"ಹದಿನಾಲ್ಕು ವರ್ಷದಿಂದ ಗೈರು ಕಣಪ್ಪ" ಅಂತ ಚೆಲೊ ಗಟ್ಟಿಯಾಗಿ ಹೇಳಿದಳು. ಸತ್ತ ಅಪ್ಪನನ್ನೂ ಲೆಕ್ಕಕ್ಕೆ ಬಳಸಿಕೊಳ್ಳುತ್ತಾನಲ್ಲ ಈ ಪಾಪಿ ಅಂತ ಮನಸ್ಸಲ್ಲೇ ಶಪಿಸಿದೆ.

"ಒಂಬತ್ತು. ಸಿಲ್ವಿನೊ ಕಾಸ್ತಾನೆರ."

ನಾನು ಏಳಲಿಲ್ಲ. ಅಮ್ಮ ನೆಟ್ಟಗೆ ಮುಂದೆ ನೋಡುತ್ತಿದ್ದಳು. ನಾನು ಯಾರ ಯಾರ ಮನೆಗೆ ಹೋಗಿದ್ದೆನೋ ಅವರೆಲ್ಲರ ಕಣ್ಣು ನನ್ನ ಮೇಲಿತ್ತು.

"ಗೈರು."

ಚೆಲೊ ಬಗ್ಗಿ ನನ್ನ ಕಿವಿಯಲ್ಲಿ ಅಂದಳು, "ನನ್ನ ಅಪ್ಪನ್ನ ಸಾಯ್ಸೋಕೆ ಎರಡು ಸಲ ಮನೆಗೆ ಬಂದಿದ್ದೆ. ನಿಮ್ಮಪ್ಪ ಮಾತ್ರ ಅಮರನಾ?" ಭೂಮಿ ಬಾಯಿ ಬಿಟ್ಟಿದ್ದರೆ ಒಳಗೆ ಹೋಗುತ್ತಿದ್ದೆ.

ಒಂದೂವರೆ ಗಂಟೆ ಹೆಸರುಗಳು ಹೋದವು. ಇದೀನಿ, ಇದೀನಿ, ಸತ್ತಿದ್ದಾರೆ, ಇದೀನಿ. ಹಲಗೆಯ ಮೇಲೆ ಎಡಗಡೆ ಏರುತ್ತಿತ್ತು, ಬಲಗಡೆ ಇಳಿಯುತ್ತಿತ್ತು. ಇನ್ನೂರು ದಾಟಿದಾಗ ಚಪ್ಪಾಳೆ ಶುರುವಾಯಿತು. ಮುನ್ನೂರಕ್ಕೆ ಜನ ಪೆಟ್ಟಿಗೆಗಳ ಮೇಲೆ ಕಾಲು ಬಡಿಯತೊಡಗಿದರು. ಪಂದ್ಯದಲ್ಲೂ ಅಂಥ ಸದ್ದು ನಾನು ಕೇಳಿರಲಿಲ್ಲ. ಬೇಕರಿ ಹಿಂದಿನ ವಿಧವೆ ಹೇಳಿದಂತೆಯೇ ಗಟ್ಟಿಯಾಗಿ ಹೇಳಿದಳು, ಹೇಳಿದ ಮೇಲೆ ಮುಖ ಮುಚ್ಚಿಕೊಂಡು ಬಿಕ್ಕಳಿಸಿದಳು. ಎಂಟು ಜನ ಅವಳ ಕೈ ಹಿಡಿದರು. ಕೊನೆಯ ಹೆಸರು ಓದಿ ಮುಗಿದಾಗ ಎಡಗಡೆ ಮುನ್ನೂರ ಎಂಬತ್ತೆರಡು, ಬಲಗಡೆ ನಾಲ್ಕುನೂರ ಹದಿನೈದು.

ದೋನ್ ಎವಾರಿಸ್ತೊ ಗಡಿಯಾರ ನೋಡಿಕೊಂಡ. "ಇನ್ನು ಮುಗಿಸ್ಬಹುದಲ್ವಾ?"

"ಗೈರಾದವರನ್ನ ಇನ್ನೊಂದು ಸಲ ಕೂಗ್ಬೇಕು ಸ್ವಾಮಿ" ಅಂದ ಎರ್ಮಿನಿಯೊ. ಎರಡನೇ ಸಲ ಕೊನೆಯಿಂದ ಹಿಂದಕ್ಕೆ ಕೂಗುವುದು ನಮ್ಮ ಕ್ಲಬ್ಬಿನ ಪದ್ಧತಿ. ಹೊಸಬರು ಮೊದಲು, ಕೊನೆಯ ಮಾತು ಹಿರಿಯರದು.

ಆಗಲೇ ಹೊರಗೆ ಹಾರನ್ ಕೇಳಿಸಿತು. ಬಿಲ್ಬಾವೊ ಬಸ್ಸು ಹಾರನ್ ಒತ್ತಿಕೊಂಡೇ ಬಂದರಿನ ರಸ್ತೆಯಲ್ಲಿ ಬಂತು. ಮೂವತ್ತೊಂದು ಜನ ಓಡಿಬಂದರು, ಒಬ್ಬನ ಒಂದು ಕಾಲಲ್ಲಿ ಶೂ ಇರಲಿಲ್ಲ. ಪ್ರತಿ ಹೆಸರಿಗೂ ಇದೀನಿ, ಪ್ರತಿ ಇದೀನಿಗೂ ಸಭೆಯಿಂದ ಗೋಲು ಹೊಡೆದಷ್ಟೇ ಕೂಗು. ಆರೋಗ್ಯ ಕೇಂದ್ರದ ನರ್ಸ್ ಬಿಳಿ ಕೋಟಿನಲ್ಲೇ ನುಗ್ಗಿ, ತನ್ನ ಹೆಸರು ದಾಟುವ ಮೊದಲೇ ಕೈ ಎತ್ತಿದಳು. ನಾಲ್ಕುನೂರ ಹದಿಮೂರು, ನಾಲ್ಕುನೂರ ಹದಿನಾಲ್ಕು. ಇನ್ನು ಒಬ್ಬರು ಸಾಕು. ಎರ್ಮಿನಿಯೊ ಕೂಗುತ್ತಾ ಹೋದ, ಗೈರು, ಗೈರು, ಗೈರು. ನೂರಕ್ಕಿಂತ ಕೆಳಗೆ ಬಂದ. ಐವತ್ತಕ್ಕಿಂತ ಕೆಳಗೆ ಬಂದ. ಬದುಕಿರುವವರು ಮುಗಿದುಹೋದರು.

ಉಳಿದಿದ್ದು ಎರಡು ಹೆಸರು. ಆ ಎರಡೂ ಹೋದರೆ ಮಾತ್ರ ಒಂದು ತಲೆ ಇಳಿಯುತ್ತಿತ್ತು. ಕಟ್ಟೆಯಲ್ಲಿದ್ದ ಎಲ್ಲರಿಗೂ ಆ ಲೆಕ್ಕ ಬಾಯಿಪಾಠವಾಗಿತ್ತು.

"ಒಂಬತ್ತು" ಅಂದ ಎರ್ಮಿನಿಯೊ, ಈ ಸಲ ಮೆಲ್ಲಗೆ. "ಸಿಲ್ವಿನೊ ಕಾಸ್ತಾನೆರ."

ಕೊಟ್ಟ ಮಾತು ಹಾಳಾಗಿ ಹೋಗಲಿ ಎಂದು ನಾನು ಎದ್ದೆ. ಅಮ್ಮ ನನ್ನ ಸ್ಕರ್ಟು ಹಿಡಿದು ಜೋರಾಗಿ ಎಳೆದಳು.

"ಕೂತ್ಕೊ. ನನ್ನ ಗಂಡ. ನಾನ್ ಹೇಳ್ತೀನಿ."

ಅವಳು ನನ್ನ ಹೆಗಲಿಗೆ ಕೈ ಕೊಟ್ಟು ಎದ್ದಳು.

"ಬೆಳಗ್ಗೆಯಿಂದ ಮುನ್ನೂರ ಹತ್ತು ಜನ ಹೇಳಿದ್ದು ಕೇಳ್ದೆ. ನಾನೊಬ್ಬಳೇ ಬಚ್ಚಿಟ್ಕೊಂಡು ಕೂತ್ರೆ ಅವನೇ ನನ್ನ ಬೈತಾನೆ" ಅಂದಳು. "ಸಿಲ್ವಿನೊ ಸತ್ತಿದ್ದಾನೆ. ಹನ್ನೊಂದು ವರ್ಷ ಆಯ್ತು."

ಚೆಲೊ ಎಲ್ಲರಿಗಿಂತ ಮೊದಲು ಬಂದು ಅಮ್ಮನ ಎರಡೂ ಕೈ ಹಿಡಿದಳು. ಎರ್ಮಿನಿಯೊ ಗೆರೆ ಎಳೆದ. ಪುಸ್ತಕದಲ್ಲಿ ಎಂಟುನೂರ ಇಪ್ಪತ್ತೊಂಬತ್ತು. "ಅರ್ಧ ಮನುಷ್ಯ ಅಂತ ಲೆಕ್ಕ ಇಲ್ಲ. ಇನ್ನೂ ನಾಲ್ಕುನೂರ ಹದಿನೈದೇ ಬೇಕು" ಅಂದು ಕನ್ನಡಕ ಸರಿಮಾಡಿಕೊಂಡ. "ನಾಲ್ಕು. ಬಾಲ್ಬಿನೊ ಲಾಂದೆರಾಸ್."

ದೋನ್ ಎವಾರಿಸ್ತೊ ಮತ್ತೆ ಪೆನ್ನು ನೋಡಿದ. ಎರ್ಮಿನಿಯೊ ಬಾಯಿಂದ ಗೈರು ಎಂಬ ಮಾತು ಇನ್ನೇನು ಬರಬೇಕು. ಅಮ್ಮ ಇನ್ನೂ ನಿಂತೇ ಇದ್ದಳು.

"ಎವಾರಿಸ್ತೊ" ಅಂದಳು. ಊರಲ್ಲಿ ಅವನನ್ನು ದೋನ್ ಎಂಬ ಗೌರವದ ಮಾತಿಲ್ಲದೆ ಕರೆಯುವವರು ಹೆಚ್ಚು ಉಳಿದಿರಲಿಲ್ಲ. "ನಿಮ್ಮಪ್ಪನ ಶವದ ಪೆಟ್ಟಿಗೆ ಹೊತ್ತಾಗ ಮುಂದೆ ಎಡಗಡೆ ನನ್ನ ಗಂಡ, ಬಲಗಡೆ ನೀನು. ವಾಪಸ್ ಬಂದು ನನ್ನ ಅಡುಗೆಮನೇಲಿ ಸೂಪ್ ಕುಡ್ದೆ. ನೆನಪಿದೆಯಾ?"

"ನೆನಪಿದೆ ದೋನ್ಯ ಒಬ್ದುಲಿಯಾ."

"ನಿಮ್ಮಪ್ಪ ಬದುಕಿದಾನಾ?"

"ಅದು ಈ ಸಭೆಯ ವಿಷಯ ಅಲ್ಲ."

"ಬೆಳಗ್ಗೆಯಿಂದ ಇಲ್ಲಿ ಬೇರೆ ಯಾವ ವಿಷಯ ನಡೀತು?"

ಅವನು ಪೆನ್ನು ಕೆಳಗಿಟ್ಟ. ಅವನ ಅಪ್ಪ ಬಾಲ್ಬಿನೊ ಮೂವತ್ತು ವರ್ಷ ಮೈದಾನದಲ್ಲಿ ಸುಣ್ಣದ ಗೆರೆ ಎಳೆದ ಮನುಷ್ಯ.

"ನಿಮಗಾದ್ರೆ ಕಾರ್ಡು ಇದೆ" ಅಂದ ಎವಾರಿಸ್ತೊ. ಅವನ ದನಿ ಮೊದಲಿನ ಹಾಗಿರಲಿಲ್ಲ. "ನಾನು ಪಂದ್ಯದ ದಿನ ಎಲ್ರಿಗಿಂತ ಮೊದಲು ಬಂದು ಆ ಗೆರೆ ಸುತ್ತ ಒಂದು ಸುತ್ತು ನಡೀತೀನಿ. ಎಲ್ಲಾದ್ರೂ ವಕ್ರ ಇದ್ರೆ ಇವತ್ತಿಗೂ ಅವನು ಬೈಯೋದು ಕೇಳ್ಸುತ್ತೆ."

ಅವನು ಹಾಗೆ ನಡೆಯುವುದನ್ನು ನಾವೆಲ್ಲ ನೋಡಿದ್ದೆವು. ಮೈದಾನ ತನ್ನದೆಂಬ ಸೊಕ್ಕು ಎಂದುಕೊಂಡಿದ್ದೆವು. ಅವನೂ ನಮ್ಮ ಹಾಗೇ ತನ್ನ ಅಪ್ಪನನ್ನು ಪುಸ್ತಕದಲ್ಲಿ ಇಟ್ಟುಕೊಂಡಿದ್ದ ಎಂದು ಆಗ ನನಗೆ ಹೊಳೆಯಿತು. ಅವನ ಮೇಲಿನ ಸಿಟ್ಟು ಮಾತ್ರ ಇಳಿಯಲಿಲ್ಲ.

ಅಮ್ಮನದೂ ಇಳಿದಿರಲಿಲ್ಲ. "ಹಾಗಾದ್ರೆ ಆ ಗೆರೆ ಮೇಲೆ ಅಂಗಡಿ ಕಟ್ಟಿಸೋಕೆ ಹೊರಟಿರೋದು ಯಾರ ಮಗ ಎವಾರಿಸ್ತೊ?"

ಅವನ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತು. ಆಮೇಲೆ ಅವನು ಎದ್ದು ನಿಂತ. ಉಳಿದವರೆಲ್ಲ ಎದ್ದು ಹೇಳಿದ್ದರಲ್ಲ, ಹಾಗೆ.

"ನಮ್ಮಪ್ಪ ಸತ್ತಿದ್ದಾನೆ" ಅಂದ.

ಒಂದು ಚಪ್ಪಾಳೆಯೂ ಬೀಳಲಿಲ್ಲ. ಅಮ್ಮ ಪೆಟ್ಟಿಗೆಗಳ ನಡುವೆ ದಾರಿ ಮಾಡಿಕೊಂಡು ನಿಧಾನವಾಗಿ ಮೇಜಿನವರೆಗೆ ನಡೆದುಹೋದಳು, ಅವನ ಕೈ ಹಿಡಿದಳು. "ನಿನ್ನ ದುಃಖದಲ್ಲಿ ನಾನೂ ಇದೀನಿ ಮಗಾ."

"ನಿಮ್ಮ ದುಃಖದಲ್ಲಿ ನಾನೂ" ಅಂದ ಅವನು.

ಎರ್ಮಿನಿಯೊ ಪುಸ್ತಕದ ಮೇಲೆ ಬಗ್ಗಿ ಕೊನೆಯ ಗೆರೆ ಎಳೆದ. "ಎಂಟುನೂರ ಇಪ್ಪತ್ತೆಂಟರಲ್ಲಿ ನಾಲ್ಕುನೂರ ಹದಿನಾಲ್ಕು. ಸಭೆ ಸಿಂಧು."

ಆಗ ಎದ್ದ ಸದ್ದನ್ನು ನಾನು ಹೇಳಲಾರೆ. ತಗಡಿನ ಸೂರು ಗಡಗಡ ಅಂದಿತು. ಗೋಲ್‌ಕೀಪರ್ ಚೆಲೊಳನ್ನು ಎತ್ತಿ ತಿರುಗಿಸುತ್ತಿದ್ದ, ಅವಳು ಅವನ ತಲೆಗೆ ಹೊಡೆಯುತ್ತಿದ್ದಳು. ಶೂ ಇಲ್ಲದವನು ಇನ್ನೊಂದು ಶೂವನ್ನೂ ಮೇಲಕ್ಕೆ ಎಸೆದ. ನಾನು ಕೂಗುತ್ತಿದ್ದೆ, ಅಳುತ್ತಿದ್ದೆ, ಗೆದ್ದ ಖುಷಿಗೋ ಅಪ್ಪ ಹೋದ ಸಂಕಟಕ್ಕೋ ನನಗೇ ತಿಳಿಯುತ್ತಿರಲಿಲ್ಲ.

ಅಧ್ಯಕ್ಷ ಇಳಿಯಬೇಕೆನ್ನುವವರು ಕೈ ಎತ್ತಿ ಎಂದಾಗ ಹಸಿರು ಸ್ಕಾರ್ಫು ಹಿಡಿದ ಕೈಗಳು ಕಟ್ಟೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಎದ್ದವು. ಎರ್ಮಿನಿಯೊ ಸಾಲುಸಾಲಾಗಿ ಎಣಿಸುತ್ತಾ ಬಂದ. ಮೇಜಿನ ಪಕ್ಕದಲ್ಲೇ ನಿಂತಿದ್ದ ಅಮ್ಮನೂ ಕೈ ಎತ್ತಿದ್ದಳು. ಅವಳಿಗೆ ಈಗ ಕಾರ್ಡೂ ಇರಲಿಲ್ಲ, ನಂಬರೂ ಇರಲಿಲ್ಲ. ಒಂದು ಗೆರೆಯನ್ನೂ ಆಚೀಚೆ ಮಾಡದ ಎರ್ಮಿನಿಯೊ ಅವಳ ಮುಂದೆ ಬಂದು ನಿಂತ. ಅವಳ ಕೈಯನ್ನು ಅವನು ಎಣಿಸಲಿಲ್ಲ. ಇಳಿಸಿ ಎಂದೂ ಹೇಳಲಿಲ್ಲ. ಇಡೀ ಕಟ್ಟೆಯನ್ನು ಎಣಿಸಿ ಮುಗಿಸುವವರೆಗೂ ಅಮ್ಮ ಆ ಕೈಯನ್ನು ಹಾಗೇ ಎತ್ತಿ ಹಿಡಿದಿದ್ದಳು.